ಮೆಟ್ಟಿಲ ಬುಡದ ದೀಪ, ಅಡುಗೆಮನೆಯ ಇಲಿ ಬೋನು

"ಕಾಕಾ, ಬಂದವರೆಲ್ಲಾ ಒಂದ ಪ್ರಶ್ನಿ ಕೇಳಾಕತ್ತಾರ. ಇದರರ್ಥ ಏನವಾ ಅಂತ. ನಾ ಏನ್ ಹೇಳ್ಲಿ?"

ಕೇಳಿದ್ದು ನನ್ನ ಅಣ್ಣನ ಮಗಳು. ಧಾರವಾಡದಲ್ಲಿ ಚಿತ್ರಕಲೆ ಓದುತ್ತಾಳೆ. ಮಾಳಮಡ್ಡಿಯಲ್ಲಿ ಪರಿಚಯದವರ ಹಳೇ ಮನೆಯೊಂದು ಖಾಲಿ ಬಿದ್ದಿತ್ತು. ಅದರಲ್ಲಿ ಅವಳೂ ಅವಳ ನಾಲ್ವರು ಗೆಳತಿಯರೂ ಸೇರಿ ಮೂರು ದಿನದ ಪುಟ್ಟ ಪ್ರದರ್ಶನ ಇಟ್ಟಿದ್ದರು. ವಿಷಯ, ನೂರು ವರ್ಷ ದಾಟಿದ ಒಂದು ಜರ್ಮನ್ ದೆವ್ವದ ಸಿನಿಮಾ, 'ನೊಸ್ಫೆರಾಟು'. ಆದರೆ ಒಳಗೆ ಹೋದರೆ ಒಂದು ದೆವ್ವವೂ ಇಲ್ಲ. ಮೆಟ್ಟಿಲ ಬುಡದಲ್ಲಿ ಒಂದು ದೀಪ. ಅಡುಗೆಮನೆಯಲ್ಲಿ ಒಂದು ಇಲಿ ಬೋನು. ಪಡಸಾಲೆಯ ಕಿಟಕಿಗೆ ಅಂಟಿಸಿದ ನೀಲಿ, ಹಳದಿ ಬಣ್ಣದ ಹಾಳೆ. ಇಷ್ಟೇ. ಜನ ಕೇಳದೆ ಇರುತ್ತಾರಾ?

"ಸಿನಿಮಾ ನೋಡಿದವರಿಗೆ ತಿಳಿಯುತ್ತೆ ಬಿಡು" ಅಂತ ಹೇಳಿ ಅವತ್ತು ಜಾರಿಕೊಂಡೆ. ಅದು ಉತ್ತರವೇ ಅಲ್ಲ, ಯಾಕೆಂದರೆ ಸಿನಿಮಾ ನೋಡಿ ಬಂದವರೂ ಅದನ್ನೇ ಕೇಳುತ್ತಿದ್ದರು. ಹಾಗಾಗಿ ಈಗ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ.

ಕಥೆ ಬೇಗ ಮುಗಿಸುತ್ತೇನೆ. ದೂರದ ಬೆಟ್ಟದ ಕೋಟೆಯಲ್ಲಿ ಓರ್ಲಾಕ್ ಅನ್ನುವ ಒಬ್ಬ ಕೌಂಟ್ ಇದ್ದಾನೆ, ರಕ್ತ ಕುಡಿಯುವವನು. ಅವನಿಗೆ ಪಟ್ಟಣದಲ್ಲಿ ಮನೆ ಕೊಡಿಸಲು ಒಬ್ಬ ಯುವಕ ಕಾಗದಪತ್ರ ಹಿಡಿದು ಹೋಗುತ್ತಾನೆ (ಎಲ್ಲಾ ಅನಾಹುತ ಶುರುವಾಗುವುದು ಮನೆ ವ್ಯವಹಾರದಿಂದಲೇ, ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). ಆ ಯುವಕನ ಹೆಂಡತಿ ಎಲೆನ್‌ಳ ಪುಟ್ಟ ಚಿತ್ರ ಓರ್ಲಾಕ್‌ನ ಕಣ್ಣಿಗೆ ಬೀಳುತ್ತದೆ. ಮಣ್ಣು ತುಂಬಿದ ಶವಪೆಟ್ಟಿಗೆಗಳನ್ನು ಹಡಗಿಗೆ ಹೇರಿಕೊಂಡು ಅವನು ಆ ಪಟ್ಟಣಕ್ಕೇ ಬರುತ್ತಾನೆ. ಜೊತೆಗೆ ಇಲಿಗಳು, ಇಲಿಗಳ ಹಿಂದೆ ಪ್ಲೇಗು. ಕೊನೆಗೆ ಕೋಳಿ ಕೂಗುವ ತನಕ ಎಲೆನ್ ಅವನನ್ನು ತನ್ನ ಕೋಣೆಯಲ್ಲೇ ಉಳಿಸಿಕೊಳ್ಳುತ್ತಾಳೆ. ಬೆಳಗಿನ ಬಿಸಿಲಿಗೆ ಅವನು ಹೊಗೆಯಾಗಿ ಹೋಗುತ್ತಾನೆ. ಅವಳೂ ಉಳಿಯುವುದಿಲ್ಲ.

1922ರ ಮಾರ್ಚ್ 4ರಂದು ಬರ್ಲಿನ್‌ನಲ್ಲಿ ಇದನ್ನು ಮೊದಲ ಸಲ ತೋರಿಸಿದರು. ಮೂಕಿ ಚಿತ್ರ, ನಿರ್ದೇಶಕ ಮುರ್ನಾವ್. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರಿಯನ್ನು ಹಕ್ಕು ಕೊಳ್ಳದೆ, ಹೆಸರು ಬದಲಿಸಿ ಮಾಡಿದ ಸಿನಿಮಾ ಇದು. ಸ್ಟೋಕರ್ ತೀರಿಹೋಗಿದ್ದರೂ ಅವರ ಹೆಂಡತಿ ಸುಮ್ನೆ ಬಿಡಲಿಲ್ಲ. 1925ರಲ್ಲಿ ಎಲ್ಲಾ ಪ್ರತಿಗಳನ್ನೂ ನಾಶ ಮಾಡಿ ಅಂತ ಜರ್ಮನಿಯ ಕೋರ್ಟು ಹೇಳಿತು. ಅಷ್ಟರಲ್ಲಿ ಬೇರೆ ದೇಶಗಳಿಗೆ ಹೋಗಿದ್ದ ಪ್ರತಿಗಳಿಂದ ಸಿನಿಮಾ ಉಳಿಯಿತು. ಅದನ್ನು ಮಾಡಿದ ಕಂಪನಿ ಮಾತ್ರ ಆ ಒಂದೇ ಚಿತ್ರಕ್ಕೆ ದಿವಾಳಿಯಾಯಿತು. ಕಂಪನಿಯ ಹೆಸರು ಕೇಳಿ: ಪ್ರಾಣ ಫಿಲ್ಮ್. ನಮ್ಮ 'ಪ್ರಾಣ'ವೇ! ಪ್ರಾಣ ಹೀರುವವನ ಕಥೆಗೆ ಇದಕ್ಕಿಂತ ಒಳ್ಳೇ ಬ್ಯಾನರ್ ಸಿಗುತ್ತಾ?

ಆ ಹೆಸರಿನ ಹಿಂದೆ ಇದ್ದವರಲ್ಲಿ ಒಬ್ಬ ಆಲ್ಬಿನ್ ಗ್ರಾವ್. ಇವನನ್ನು ಗಮನದಲ್ಲಿ ಇಟ್ಟುಕೊಳ್ಳಿ. ಕಂಪನಿಯ ಪಾಲುದಾರನೂ ಅವನೇ, ಕಲಾವಿದನೂ ಅವನೇ. ಸೆಟ್ಟು, ವೇಷ, ಪೋಸ್ಟರ್ ಎಲ್ಲಾ ಅವನ ಕೈಯಿಂದ ಬಂದವು. ಗುಪ್ತವಿದ್ಯೆಗಳ ಹುಚ್ಚೂ ಜಾಸ್ತಿ ಇತ್ತು. ಸಿನಿಮಾದಲ್ಲಿ ಓರ್ಲಾಕ್ ಕಳಿಸುವ ಕಾಗದವನ್ನು ನಿಲ್ಲಿಸಿ ನೋಡಿದರೆ ಅದರಲ್ಲಿ ಅಕ್ಷರಗಳಿಗಿಂತ ಮಂತ್ರವಾದಿಗಳು ಬರೆಯುವ ಯಂತ್ರದಂಥ ಗುರುತುಗಳೇ ತುಂಬಿವೆ. ಅಂದರೆ ಕಾಗದದ ಮೇಲೆ ಚಿತ್ರ ಬಿಡಿಸುವವನೊಬ್ಬ ಮೊದಲೇ ಕಂಡುಕೊಂಡ ಸಿನಿಮಾ ಇದು. ನೂರು ವರ್ಷ ಆದಮೇಲೆ ಅದು ಮತ್ತೆ ಚಿತ್ರಕಲಾ ಗ್ಯಾಲರಿಗೆ ಬಂದರೆ ತವರುಮನೆಗೆ ಬಂದ ಹಾಗೆ.

ಈಗ ಅರ್ಥದ ವಿಷಯಕ್ಕೆ ಬರೋಣ. ನಮಗೆ ಸಂಕೇತ ಅಂದರೆ ಒಗಟು ಅನ್ನುವ ಅಭ್ಯಾಸ ಆಗಿಬಿಟ್ಟಿದೆ. ಕಮಲ ಅಂದರೆ ಇದು, ಹಾವು ಅಂದರೆ ಅದು, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಹಾಗೆ ನೋಡಲು ಹೋದರೆ ಈ ಸಿನಿಮಾ ಕೈಗೆ ಸಿಗುವುದಿಲ್ಲ. ಒಬ್ಬರು ಓರ್ಲಾಕ್ ಅಂದರೆ ಯುದ್ಧ ಅನ್ನುತ್ತಾರೆ, ಇನ್ನೊಬ್ಬರು ರೋಗ ಅನ್ನುತ್ತಾರೆ, ಮತ್ತೊಬ್ಬರು ಎಲೆನ್ ಬಾಯಿಬಿಟ್ಟು ಹೇಳಲಾಗದ ಆಸೆ ಅನ್ನುತ್ತಾರೆ. ಮೂವರೂ ಸರಿಯೇ. ನಾನು ನೋಡುವುದು ಹೀಗೆ: ಸಂಕೇತ ನೆರಳಿದ್ದ ಹಾಗೆ, ಅದರ ಆಕಾರದಲ್ಲಿ ಅರ್ಧ ಪಾಲು ವಸ್ತುವಿನದು, ಉಳಿದರ್ಧ ಅದು ಬೀಳುವ ಗೋಡೆಯದು. ಬರ್ಲಿನ್‌ನ ಗೋಡೆಯ ಮೇಲೆ ಬಿದ್ದ ಹಾಗೆ ಅದು ಮಾಳಮಡ್ಡಿಯ ಗೋಡೆಯ ಮೇಲೆ ಬೀಳುವುದಿಲ್ಲ.

ಇದು ಗೊತ್ತಾಗುವ ತನಕ ಈ ಹುಡುಗಿಯರೂ ದಾರಿ ತಪ್ಪಿದ್ದರು. ಮೊದಲ ವಾರ ಐವರೂ ಕೂತು ಬಿಡಿಸಿದ್ದು ಬೋಳು ತಲೆ, ಚೂಪು ಕಿವಿ, ಉದ್ದುದ್ದ ಉಗುರು. ಐದೂ ಚಿತ್ರ ಚೆನ್ನಾಗಿದ್ದವು, ಐದೂ ಟೀ ಶರ್ಟ್ ಮೇಲೆ ಅಚ್ಚು ಹಾಕುವುದಕ್ಕೆ ಲಾಯಕ್ಕಾಗಿದ್ದವು. ಆಮೇಲೆ ಸಿನಿಮಾವನ್ನು ಇನ್ನೊಮ್ಮೆ ನೋಡಿದರು. ಅವರ ಗಮನಕ್ಕೆ ಬಂದದ್ದು, ಒಂದೂವರೆ ಗಂಟೆಯ ಸಿನಿಮಾದಲ್ಲಿ ಓರ್ಲಾಕ್ ಕಾಣಿಸುವ ಹೊತ್ತು ಕೂಡಿಸಿದರೆ ಹತ್ತು ನಿಮಿಷವೂ ಆಗುವುದಿಲ್ಲ ಅನ್ನುವುದು. ಹಾಗಾದರೆ ಉಳಿದ ಹೊತ್ತೆಲ್ಲಾ ನಾವು ಯಾವುದಕ್ಕೆ ಹೆದರುತ್ತೇವೆ? ಅಲ್ಲಿಂದ ಕೆಲಸ ಶುರುವಾಯಿತು. ಐದೂ ಬೋಳು ತಲೆಗಳನ್ನು ಸುತ್ತಿ ಕಪಾಟಿನ ಮೇಲೆ ಎಸೆದರು.

ನೆರಳನ್ನೇ ಮೊದಲು ತೊಗೊಳ್ಳಿ. ಈ ಸಿನಿಮಾ ನೋಡದವರಿಗೂ ಗೊತ್ತಿರುವ ದೃಶ್ಯ ಅದು. ಓರ್ಲಾಕ್ ಮೆಟ್ಟಿಲು ಹತ್ತುತ್ತಾನೆ, ಆದರೆ ನಮಗೆ ಕಾಣುವುದು ಗೋಡೆಯ ಮೇಲಿನ ನೆರಳು ಮಾತ್ರ. ಗೂನು ಬೆನ್ನು, ಕೊಕ್ಕೆಯಂಥ ಬೆರಳು. ಆಮೇಲೆ ಆ ಕೈಯ ನೆರಳು ಎಲೆನ್‌ಳ ಮೈಮೇಲೆ ಹರಿದು ಎದೆಯ ಹತ್ತಿರ ಮುಷ್ಟಿ ಕಟ್ಟುತ್ತದೆ, ಅವಳು ನೋವಿನಿಂದ ಸೆಟೆಯುತ್ತಾಳೆ. ಯಾರೂ ಅವಳನ್ನು ಮುಟ್ಟಿಲ್ಲ. ಇಡೀ ಸಿನಿಮಾದ ಭಯ ಇಲ್ಲಿದೆ: ಮುಟ್ಟದೆಯೇ ಹಿಡಿಯುವುದು.

ಇದನ್ನು ಮಾಡಲು ಏನು ಬೇಕು ಗೊತ್ತಾ? ಒಂದು ಗೋಡೆ, ಒಂದು ದೀಪ, ಸ್ವಲ್ಪ ಲೆಕ್ಕ. ದೀಪದಿಂದ ಗೋಡೆ 10 ಅಡಿ ದೂರ ಇದೆ ಅಂದುಕೊಳ್ಳಿ. ನೀವು ದೀಪದಿಂದ 2 ಅಡಿಯಲ್ಲಿ ಕೈ ಹಿಡಿದರೆ ನೆರಳು ಐದು ಪಟ್ಟು ದೊಡ್ಡದಾಗುತ್ತದೆ. ಅರ್ಧ ಅಡಿಯ ಅಂಗೈ ಗೋಡೆಯ ಮೇಲೆ ಎರಡೂವರೆ ಅಡಿ. ದೀಪದ ಕಡೆ ಇನ್ನೂ ಸರಿದರೆ ಇನ್ನೂ ದೊಡ್ಡದು. ಅಂದರೆ ಬೆಳಕಿಗೆ ಹತ್ತಿರ ಹೋದಷ್ಟೂ ನೆರಳು ರಾಕ್ಷಸ ಆಗುತ್ತದೆ. ಅಂಚು ಚೂಪಾಗಿ ಬರಬೇಕಾದರೆ ಬೆಳಕು ಒಂದು ಚುಕ್ಕೆಯಿಂದ ಬರಬೇಕು. ನಾಲ್ಕು ಅಡಿ ಟ್ಯೂಬ್‌ಲೈಟ್ ಹಚ್ಚಿದರೆ ಅದರ ಒಂದೊಂದು ತುಂಡೂ ಬೇರೆ ಬೇರೆ ನೆರಳು ಬೀಳಿಸಿ ಎಲ್ಲಾ ಮಸಕು. ನಮ್ಮ ಹುಡುಗಿಯರು ಮೊದಲು ಹಾಲುಬಣ್ಣದ ಎಲ್‌ಇಡಿ ಬಲ್ಬ್ ಇಟ್ಟು ತಲೆ ಕೆಡಿಸಿಕೊಂಡರು. ಕೊನೆಗೆ ಕೆಲಸಕ್ಕೆ ಬಂದದ್ದು ಮೊಬೈಲ್ ಟಾರ್ಚ್‌ನಷ್ಟು ಸಣ್ಣ ದೀಪ. ಅದನ್ನು ಮೊಣಕಾಲಿನ ಮಟ್ಟಕ್ಕೆ ಇಟ್ಟು, ಮೆಟ್ಟಿಲ ಪಕ್ಕದ ಗೋಡೆಗೆ ತಿರುಗಿಸಿದರು. ಅಲ್ಲಿಗೆ ಯಾರ ಚಿತ್ರವನ್ನೂ ಬರೆಯುವ ಅವಶ್ಯಕತೆ ಉಳಿಯಲಿಲ್ಲ. ಅಟ್ಟಕ್ಕೆ ಹತ್ತುವ ಪ್ರತಿಯೊಬ್ಬರ ನೆರಳೂ ಗೋಡೆ ತುಂಬಿಕೊಂಡು ಅವರಿಗಿಂತ ಮುಂಚೆ ಮೇಲೆ ಹೋಗುತ್ತಿತ್ತು. ಓಣಿಯ ಹುಡುಗರು ಹತ್ತಿ ಇಳಿದು ಹತ್ತಿ ಇಳಿದು ಆ ಮರದ ಮೆಟ್ಟಿಲು ಕಿರುಗುಟ್ಟುವ ಸದ್ದು ಬೀದಿಗೆ ಕೇಳುತ್ತಿತ್ತು. ಹೆದರಿದವರು ದೊಡ್ಡವರು ಮಾತ್ರ. ಒಬ್ಬರು ಮೇಷ್ಟ್ರು ಅರ್ಧ ಹತ್ತಿ, ತಮ್ಮದೇ ನೆರಳು ನೋಡಿ ನಿಂತು, ಕನ್ನಡಕ ಸರಿ ಮಾಡಿಕೊಂಡರು.

ಇಲ್ಲಿ ಒಂದು ವಿಚಾರ ಹೇಳಲೇಬೇಕು. ಗೋಡೆಯ ಮೇಲಿನ ನೆರಳು ನಮಗೆ ಹೊಸದಲ್ಲ. ತೊಗಲು ಗೊಂಬೆ ಆಟ ನೋಡಿದವರಿಗೆ ಗೊತ್ತು. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಬಣ್ಣ ಹಚ್ಚಿ, ಪರದೆಯ ಹಿಂದೆ ದೀಪದ ಮುಂದೆ ಆಡಿಸುತ್ತಾರೆ. ಹಾಗಾಗಿ ನಮ್ಮ ನೆರಳಿಗೆ ಬಣ್ಣ ಇದೆ. ರಾಮ ಬರುತ್ತಾನೆ, ಸೀತೆ ಬರುತ್ತಾಳೆ, ಕಿಳ್ಳೇಕ್ಯಾತ ತನ್ನ ಬಂಗಾರಕ್ಕನ ಜೊತೆ ಬಂದು ಪೋಲಿ ಮಾತಾಡಿ ನಗಿಸುತ್ತಾನೆ. ಮಳೆ ಬರಲಿ, ದನಕ್ಕೆ ರೋಗ ಬಾರದಿರಲಿ ಅಂತ ಊರವರು ಆಟ ಆಡಿಸುತ್ತಿದ್ದರು. ಅಲ್ಲಿ ನೆರಳು ಬಂತು ಅಂದರೆ ದೇವರು ಬಂದ ಹಾಗೆ. ಜರ್ಮನ್ ಸಿನಿಮಾದಲ್ಲಿ ನೆರಳು ಬಂತು ಅಂದರೆ ಬಾಗಿಲು ಹಾಕಿಕೊಳ್ಳಬೇಕು. ಗೊಂಬೆಯಲ್ಲಿ ಬೆಳಕು ಚರ್ಮದ ಮೂಲಕ ಹಾದು ಬರುತ್ತದೆ, ಓರ್ಲಾಕ್‌ನ ಮೈ ಅದನ್ನು ತಡೆಯುತ್ತದೆ. ಇಷ್ಟೇ ವ್ಯತ್ಯಾಸ, ಆದರೆ ಎಷ್ಟು ದೊಡ್ಡದು! ತಮಾಷೆ ಅಂದರೆ ಇದೇ ಆಲ್ಬಿನ್ ಗ್ರಾವ್ ಮರುವರ್ಷ, 1923ರಲ್ಲಿ, ಆರ್ಥರ್ ರಾಬಿಸನ್ ನಿರ್ದೇಶಿಸಿದ 'ನೆರಳುಗಳು' ಅನ್ನುವ ಚಿತ್ರಕ್ಕೂ ಕೆಲಸ ಮಾಡಿದ. ಅದರಲ್ಲಿ ನೆರಳಿನಾಟ ಆಡಿಸುವವನೊಬ್ಬ ಒಂದು ಮನೆಗೆ ಬಂದು, ಕೂತವರ ಮನಸ್ಸಿನೊಳಗಿನದನ್ನೆಲ್ಲಾ ಹೊರಗೆ ಎಳೆಯುತ್ತಾನೆ.

ನಮ್ಮ ಹುಡುಗಿಯರಲ್ಲಿ ಒಬ್ಬಳು ಅಟ್ಟದ ಮೂಲೆಯಲ್ಲಿ ಬಣ್ಣದ ಗೊಂಬೆಯೊಂದನ್ನು ನೇತುಹಾಕಿದ್ದಳು. ಕಪ್ಪು ನೆರಳು ಹತ್ತಿಸಿಕೊಂಡು ಮೇಲೆ ಹೋದರೆ ಅಲ್ಲಿ ಕೆಂಪು, ಹಸಿರು ನೆರಳು. ನನಗೆ ಇಡೀ ಪ್ರದರ್ಶನದಲ್ಲಿ ಜಾಸ್ತಿ ಇಷ್ಟವಾದದ್ದು ಅದು. ಅವಳೇ "ಸ್ವಲ್ಪ ಜಾಸ್ತಿ ಸಿಹಿ ಆತು" ಅಂತ ಗೊಣಗುತ್ತಿದ್ದಳು.

ಬಣ್ಣದ ಹಾಳೆಯ ಕಿಟಕಿ ಯಾಕೆ ಅಂತ ಬಹಳ ಜನ ಕೇಳಿದರು. ಆ ಕಾಲದ ಫಿಲ್ಮಿಗೆ ರಾತ್ರಿಯ ಕತ್ತಲಲ್ಲಿ ಚಿತ್ರ ಹಿಡಿಯುವ ಶಕ್ತಿ ಸಾಲುತ್ತಿರಲಿಲ್ಲ. ಹೊರಗಿನ ರಾತ್ರಿ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಆಮೇಲೆ ಆ ಭಾಗದ ಫಿಲ್ಮನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಅಂದರೆ ರಾತ್ರಿ, ಹಳದಿ ಅಂದರೆ ದೀಪ ಅಥವಾ ಹಗಲು. ಬಣ್ಣ ಕಳೆದುಹೋದ ಬಿಳಿ ಕಪ್ಪು ಪ್ರತಿಗಳು ಈಗಲೂ ಓಡಾಡುತ್ತಿವೆ. ಅದರಲ್ಲಿ ನೋಡಿದರೆ ಓರ್ಲಾಕ್ ಶವಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಮಟಮಟ ಬಿಸಿಲಲ್ಲಿ, ಸಂತೆಗೆ ಹೊರಟವನ ಹಾಗೆ ಹೋಗುತ್ತಾನೆ. ಜನ ನಗುತ್ತಾರೆ. ಅದೂ ಬಿಸಿಲಿಗೆ ಸಾಯುವ ಪ್ರಾಣಿ! ಬಿಸಿಲಿಗೆ ರಕ್ತಪಿಶಾಚಿ ಸಾಯುತ್ತದೆ ಅನ್ನುವ ನಿಯಮ ಕೂಡ ಈ ಸಿನಿಮಾದಿಂದಲೇ ಬಂದದ್ದು. ಸ್ಟೋಕರ್ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಇರುತ್ತದೆ ಅಷ್ಟೇ.

ಸಂಕೇತ ಕೈಕೊಡುವ ಜಾಗಗಳೂ ಇವೆ. ಓರ್ಲಾಕ್‌ನ ಕೋಟೆಯ ದಾರಿಯಲ್ಲಿ ನರತೋಳ, ಅಂದರೆ ತೋಳವಾಗಿ ಬದಲಾಗುವ ಮನುಷ್ಯ, ತಿರುಗುತ್ತಿದೆ ಅಂತ ಜನ ಹೆದರುವ ದೃಶ್ಯ ಇದೆ. ತೆರೆಯ ಮೇಲೆ ಬರುವುದು ಪಟ್ಟೆ ಪಟ್ಟೆಯ ಕತ್ತೆಕಿರುಬ. ಯುರೋಪಿನವರಿಗೆ ಅದು ವಿಚಿತ್ರ ಮೃಗ, ಹಾಗಾಗಿ ನಡೆದುಹೋಯಿತು. ಗದಗಿನಿಂದ ಬಂದಿದ್ದ ನನ್ನ ಗೆಳೆಯ ಅದನ್ನು ಲ್ಯಾಪ್‌ಟಾಪಿನಲ್ಲಿ ನೋಡಿ "ಏ, ಇದು ನಮ್ಮ ಕಪ್ಪತಗುಡ್ಡದ್ದಲೇ!" ಅಂತ ಬಿದ್ದು ಬಿದ್ದು ನಕ್ಕ. ಅವನ ಪಾಲಿಗೆ ಆ ದೃಶ್ಯ ಮುಗಿಯಿತು.

ಆದರೆ ಇಲಿಯ ವಿಷಯದಲ್ಲಿ ಉಲ್ಟಾ ಆಯಿತು. ಅವರಿಗಿಂತ ನಮಗೇ ಜಾಸ್ತಿ ತಾಗಿತು.

ಸಿನಿಮಾದ ಕಥೆ ನಡೆಯುವುದು 1838ರಲ್ಲಿ. ನೋಡಿದವರು ಮಾತ್ರ ಮೊದಲ ಮಹಾಯುದ್ಧ ಮುಗಿಸಿ, ಅದರ ಬೆನ್ನಿಗೆ ಬಂದ ಇನ್‌ಫ್ಲುಯೆಂಜಾದಲ್ಲಿ ಮನೆಯವರನ್ನು ಕಳಕೊಂಡವರು. ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಡೋಲು ಬಡಿದು ಪ್ಲೇಗಿನ ಸುದ್ದಿ ಸಾರುವುದು, ಬೀದಿಯಲ್ಲಿ ಒಂದರ ಹಿಂದೆ ಒಂದು ಶವಪೆಟ್ಟಿಗೆ ಹೋಗುವುದು, ಇವೆಲ್ಲಾ ಅವರಿಗೆ ಕಥೆ ಅನ್ನಿಸಿರಲಿಕ್ಕಿಲ್ಲ. ನಮ್ಮ ಕಡೆ ಬನ್ನಿ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡದಲ್ಲಿ ಜೋರಾಗಿತ್ತು. ಹಾಫ್ಕಿನ್ ಅನ್ನುವ ವಿಜ್ಞಾನಿ ಮುಂಬೈನಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಅದೇ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಚುಚ್ಚಿದರು. ಸಿನಿಮಾಕ್ಕೂ 24 ವರ್ಷ ಮೊದಲಿನ ಮಾತು ಇದು. ಊರಿನ ಬಾಯಲ್ಲಿ ಅದಕ್ಕೆ ಒಂದೇ ಮಾತು, "ಇಲಿ ಬಿತ್ತು". ಮಾಡದಿಂದ, ಅಟ್ಟದಿಂದ ಇಲಿ ಸತ್ತು ಕೆಳಗೆ ಬಿದ್ದರೆ ಪ್ಲೇಗು ಬಂತು ಅಂತ ಲೆಕ್ಕ. ಅದು ಮೂಢನಂಬಿಕೆ ಆಗಿರಲಿಲ್ಲ. ರೋಗ ಮೊದಲು ತಗಲುವುದು ಇಲಿಗೆ. ಇಲಿ ಸತ್ತು ತಣ್ಣಗಾದ ಮೇಲೆ ಅದರ ಮೈಯ ಚಿಗಟಗಳು ಬೇರೆ ಬಿಸಿ ರಕ್ತ ಹುಡುಕಿಕೊಂಡು ಮನುಷ್ಯರ ಮೇಲೆ ಹಾರುತ್ತವೆ. ರಕ್ತ ಕುಡಿಯುವ, ಮನೆಯಿಂದ ಮನೆಗೆ ಹೋಗುವ, ಕಣ್ಣಿಗೆ ಸರಿಯಾಗಿ ಕಾಣದ ಜೀವ. ಓರ್ಲಾಕ್‌ನ ಕಥೆಯನ್ನು ಚಿಗಟದ ಕಥೆ ಅಂತ ಓದಿದರೂ ಒಂದಕ್ಷರ ತಪ್ಪುವುದಿಲ್ಲ.

ಪಕ್ಕದ ಮನೆಯ ಆಯಿ ಒಬ್ಬರು ಮೊದಲ ದಿನ ಸಂಜೆ ಬಂದಿದ್ದರು. ವಯಸ್ಸು 80ರ ಆಸುಪಾಸು. ಸಿನಿಮಾ ಗಿನಿಮಾ ಅವರಿಗೆ ಬೇಕಿರಲಿಲ್ಲ. ಅಡುಗೆಮನೆಗೆ ಬಂದು, ಕೆಂಪು ಬಲ್ಬಿನ ಕೆಳಗೆ ಇಟ್ಟಿದ್ದ ಬೋನು ನೋಡಿ ನಿಂತರು.

"ನಮ್ಮ ಅತ್ತಿಯವರು ಹೇಳತಿದ್ರವಾ. ಇಲಿ ಬಿತ್ತಂದ್ರ ಸಾಕು, ಗಂಟು ಮೂಟಿ ಕಟ್ಟಿ ಹೊಲದಾಗ ಗುಡಿಸಲಾ ಹಾಕ್ಕೊಂಡು ಇರತಿದ್ರಂತ. ಊರಾಗ ನಾಯಿ ಸುದ್ದಾ ಇರತಿದ್ದಿಲ್ಲಂತ."

ನಮ್ಮ ಹುಡುಗಿ ಇಲಿ ಬೋನು ಇಟ್ಟಿದ್ದು ಸಿನಿಮಾದ ಇಲಿಗಳ ನೆನಪಿಗೆ. ಆಯಿ ಕಂಡದ್ದು ಖಾಲಿ ಊರು. ಗೋಡೆ ಬೇರೆಯಾದರೆ ನೆರಳು ಬೇರೆ ಅಂತ ಆಗಲೇ ಹೇಳಿದ್ದು ಇದಕ್ಕೇ. ಮರುದಿನ ಹುಡುಗಿಯರು ಬೋನಿನ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ 'ಇಲಿ ಬಿತ್ತು' ಅಂತ ಬರೆದರು. ಅವತ್ತಿನಿಂದ ಅಡುಗೆಮನೆಯಲ್ಲಿ ಯಾರೂ ಅರ್ಥ ಕೇಳಲಿಲ್ಲ, ಅವರವರ ಮನೆಯ ಕಥೆ ಹೇಳತೊಡಗಿದರು.

ಇದೇ ಇಲಿಯ ಸುತ್ತ ಒಂದು ಕೊಳಕು ಪ್ರಶ್ನೆಯೂ ಇದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಪೂರ್ವದ ಕಡೆಯಿಂದ ಬರುವ, ಕೊಕ್ಕೆ ಮೂಗಿನ, ಇಲಿ ಮತ್ತು ರೋಗ ಹೊತ್ತು ತರುವ ಪರಕೀಯ. ಆ ಕಾಲದ ಯುರೋಪಿನಲ್ಲಿ ಯೆಹೂದಿಗಳ ಮೇಲೆ ದ್ವೇಷ ಹುಟ್ಟಿಸಲು ಬಳಸುತ್ತಿದ್ದ ವ್ಯಂಗ್ಯಚಿತ್ರಗಳಿಗೂ ಈ ರೂಪಕ್ಕೂ ಇರುವ ಹೋಲಿಕೆಯನ್ನು ಅನೇಕ ವಿಮರ್ಶಕರು ತೋರಿಸಿದ್ದಾರೆ. ಇನ್ನೊಂದು ಕಡೆ, ಚಿತ್ರಕಥೆ ಬರೆದ ಹೆನ್ರಿಕ್ ಗಾಲೀನ್ ಸ್ವತಃ ಯೆಹೂದಿ. ಮಾಡಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕಿಂತ ಆ ರೂಪ ಯಾವ ಗೋಡೆಯ ಮೇಲೆ ಬಿತ್ತು ಅನ್ನುವುದು ನನಗೆ ಮುಖ್ಯ. ಹತ್ತು ಹನ್ನೊಂದು ವರ್ಷದಲ್ಲಿ ಆ ದೇಶದಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಸಿನಿಮಾದೊಳಗೇ ಇದಕ್ಕೆ ಒಂದು ಉತ್ತರದ ಎಳೆ ಇದೆ ಅನ್ನಿಸುತ್ತದೆ. ಪ್ಲೇಗಿನಿಂದ ಕಂಗಾಲಾದ ಊರವರು ಆ ಯುವಕನನ್ನು ಕೋಟೆಗೆ ಕಳಿಸಿದ್ದ, ಈಗ ಹುಚ್ಚು ಹಿಡಿದಿರುವ ಮನೆ ದಲ್ಲಾಳಿ ಕ್ನಾಕ್‌ನೇ ಇದಕ್ಕೆಲ್ಲಾ ಕಾರಣ ಅಂತ ಬೆನ್ನಟ್ಟುತ್ತಾರೆ. ಹೊಲದಲ್ಲಿ ದೂರಕ್ಕೆ ಕಂಡ ಆಕೃತಿಯ ಮೇಲೆ ಎಲ್ಲರೂ ಮುಗಿಬಿದ್ದು ಚಿಂದಿ ಮಾಡುತ್ತಾರೆ. ನೋಡಿದರೆ ಅದು ಬೆದರುಬೊಂಬೆ. ಹುಡುಗಿಯರು ಹಿತ್ತಲಿನಲ್ಲಿ ಹುಲ್ಲು ಚೆಲ್ಲಿದ, ಅಂಗಿ ಹರಿದ ಬೆದರುಬೊಂಬೆಯೊಂದನ್ನು ಮಲಗಿಸಿದ್ದರು. ಮೂಗು, ಮುಖ ಏನೂ ಇರಲಿಲ್ಲ. ಉದ್ದ ಮೂಗಿನ ಮುಖವಾಡ ಮಾಡಬೇಕು ಅಂತ ಮೊದಲು ಇದ್ದ ಯೋಚನೆಯನ್ನು ಅವರು ಬಿಟ್ಟಿದ್ದು ಒಳ್ಳೇದಾಯಿತು.

ಇಂಥ ಪ್ರದರ್ಶನ ಇವರೇ ಮೊದಲು ಮಾಡಿದ್ದೇನಲ್ಲ. ಸಿನಿಮಾಕ್ಕೆ ನೂರು ತುಂಬಿದಾಗ ಬರ್ಲಿನ್‌ನ ಶಾರ್ಫ್ ಗೆರ್‌ಸ್ಟೆನ್‌ಬರ್ಗ್ ಸಂಗ್ರಹಾಲಯದಲ್ಲಿ 2022ರ ಡಿಸೆಂಬರ್‌ನಿಂದ 2023ರ ಏಪ್ರಿಲ್ ತನಕ ದೊಡ್ಡದೊಂದು ಪ್ರದರ್ಶನ ನಡೆಯಿತು. ಅಲ್ಲಿ ಹುಡುಕಿದ್ದು ಎರಡೂ ಕಡೆಯ ದಾರಿ. ಯಾವ ಚಿತ್ರಗಳಿಂದ ಸಿನಿಮಾ ಬಂತು, ಸಿನಿಮಾದಿಂದ ಆಮೇಲೆ ಯಾವ ಚಿತ್ರಗಳು ಬಂದವು. ಗೋಯಾ, ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಶ್ ಅನ್ನುವ ಹಳೇ ಚಿತ್ರಕಾರರ ನೆರಳು ಮುರ್ನಾವ್‌ನ ಮೇಲೆ ಬಿದ್ದಿದೆ. ಫ್ರೀಡ್ರಿಶ್ 1822ರಲ್ಲಿ ಬರೆದ ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ನಮಗೆ ಬೆನ್ನು ತಿರುಗಿಸಿ ಕಿಟಕಿಯಾಚೆ ನೋಡುತ್ತಿದ್ದಾಳೆ. ಸರಿಯಾಗಿ ನೂರು ವರ್ಷದ ನಂತರ ಎಲೆನ್ ಕೂಡ ಕಿಟಕಿ ಬಿಟ್ಟು ಸರಿಯುವುದಿಲ್ಲ. ಇನ್ನೊಂದು ಕಡೆ ಪ್ಯಾರಿಸ್ಸಿನ ಸರ್ರಿಯಲಿಸ್ಟರು, ಅಂದರೆ ಕನಸಿನಂಥ ಕಲೆ ಮಾಡುತ್ತಿದ್ದವರು, ಈ ಸಿನಿಮಾಕ್ಕೆ ಮರುಳಾಗಿದ್ದರು. ಸೇತುವೆ ದಾಟಿದ ಕೂಡಲೇ ದೆವ್ವಗಳು ಎದುರುಗೊಂಡವು ಅನ್ನುವ ಅರ್ಥದ ಒಂದು ಸಾಲು ಫ್ರೆಂಚ್ ಪ್ರತಿಯ ತೆರೆಯ ಮೇಲೆ ಬರುತ್ತದೆ, ಆ ಗುಂಪಿನ ಮುಖಂಡ ಆಂದ್ರೆ ಬ್ರೆತಾಂಗೆ ಅದು ಮಂತ್ರದ ಹಾಗೆ ಹಿಡಿದುಬಿಟ್ಟಿತ್ತು.

ನಮ್ಮ ಹುಡುಗಿಯರ ಪ್ರದರ್ಶನದಲ್ಲಿ ಸೋತದ್ದೂ ಇತ್ತು. ಕಮಾನುಗಳ ಒಂದು ಸಾಲು ಚಿತ್ರ ಇಟ್ಟಿದ್ದರು. ಸಿನಿಮಾದಲ್ಲಿ ಓರ್ಲಾಕ್ ಮತ್ತೆ ಮತ್ತೆ ಇಕ್ಕಟ್ಟು ಕಮಾನಿನೊಳಗೆ, ಶವಪೆಟ್ಟಿಗೆಯಲ್ಲಿ ನಿಲ್ಲಿಸಿದ ಹಾಗೆ ಕಾಣುತ್ತಾನೆ, ಅದನ್ನು ತೋರಿಸುವ ಆಸೆ. ಯಾರಿಗೂ ಹತ್ತಲಿಲ್ಲ. ಮನೆಯ ಕಮಾನುಗಳು ಸುತ್ತಲೂ ಇದ್ದಾಗ ಕಾಗದದ ಕಮಾನು ಯಾರು ನೋಡುತ್ತಾರೆ?

ಆಯಿ ಎರಡನೇ ದಿನವೂ ಬಂದರು. ಗೋಡೆಯ ಮೇಲಿನ ಬರಹ ಓದಿ, ಬಗ್ಗಿ ಬೋನಿನೊಳಗೆ ನೋಡಿ, "ಏನವಾ, ಖಾಲಿ ಇಟ್ಟೀಯಲಾ? ಒಂದ್ ರೊಟ್ಟಿ ಚೂರರ ಇಡಬಾರದೇನು?" ಅಂದರು. ತಾವೇ ಮನೆಗೆ ಹೋಗಿ ಒಣ ರೊಟ್ಟಿಯ ತುಂಡು ತಂದು ಕೊಕ್ಕೆಗೆ ಸಿಗಿಸಿದರು. ಕಲಾಕೃತಿಯನ್ನು ಮುಟ್ಟಬಾರದು ಅಂತ ಹೇಳುವ ಧೈರ್ಯ ಐವರಲ್ಲಿ ಯಾರಿಗೂ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಬೋನಿನಲ್ಲಿ ಇಲಿ ಇತ್ತು. ಜೀವಂತ, ದಪ್ಪಗೆ, ರೊಟ್ಟಿ ಮುಗಿಸಿ ಕೂತಿತ್ತು. ಜನ ಬರುವ ಮುಂಚೆ ಹಿತ್ತಲಿನಾಚೆ ಬಿಟ್ಟು ಬಂದರಂತೆ. ಅವತ್ತು ಸಂಜೆ ಬಂದ ಆಯಿ ಮೊದಲು ಕೇಳಿದ್ದು ಅದನ್ನೇ, "ಬಿತ್ತೇನವಾ?"